ಉದ್ಯಮದಲ್ಲಿ ಕಿಣ್ವಗಳು: ಗಂಜಿಯಿಂದ ಕಾಗದದವರೆಗೆ

'ಎನ್‌ಜೈಮ್' ಎಂಬ ಪದವನ್ನು ನಾವೆಲ್ಲ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಕೇಳಿ, ಇಂಗ್ಲಿಷಿನಲ್ಲೇ ಬರೆದು, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಕನ್ನಡದಲ್ಲಿ ಅದಕ್ಕೆ 'ಕಿಣ್ವ' ಎಂಬ ಹೆಸರಿದೆ. ಇದು ಹೊಸದಾಗಿ ಟಂಕಿಸಿದ ಶಬ್ದವೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸಲು ಹಾಕುವ ಉದ್ದಿನ ಹಿಟ್ಟು, ಅಕ್ಕಿ ಮೊದಲಾದವುಗಳ ಮಿಶ್ರಣಕ್ಕೆ 'ಕಿಣ್ವ' ಎಂದೇ ಹೆಸರು. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 'ಎನ್‌ಜೈಮ್' ಎಂಬ ಪದ ಕಟ್ಟಿದಾಗ ಅವನೂ ಗ್ರೀಕ್ ಭಾಷೆಯಿಂದ 'ಹುದುಗಿನೊಳಗೆ' ಎಂಬರ್ಥದ ಮಾತನ್ನೇ ಎತ್ತಿಕೊಂಡ. ಅಂದರೆ ಎರಡು ಭಾಷೆಯ ಎರಡು ಪದಗಳೂ ಹುಳಿಬಂದ ಒಂದೇ ಬಗೆಯ ಮಡಕೆಯಿಂದ ಹೊರಟಿವೆ. ಹೀಗಿರುವಾಗ ವಿಷಯವನ್ನು ಕನ್ನಡದಲ್ಲಿ ಮಾತಾಡಿಕೊಳ್ಳಲು ನಾವು ಹಿಂಜರಿಯಬೇಕಾದ್ದಿಲ್ಲ.

ಈ ಲೇಖನದಲ್ಲಿ ನಾನು ಕಿಣ್ವಗಳ ಸಮಸ್ತ ರಸಾಯನಶಾಸ್ತ್ರವನ್ನೂ ಹೇಳಹೊರಟಿಲ್ಲ. ತಿನಿಸು ಮತ್ತು ಕಾಗದ, ಈ ಎರಡು ಉದ್ಯಮಗಳಲ್ಲಿ ಅವು ಏನು ಕೆಲಸ ಮಾಡುತ್ತವೆ ಎಂಬುದಷ್ಟೇ ನನ್ನ ವಿಷಯ. ಅದರಲ್ಲೂ ಒಂದು ಮಾತು ನಿಮ್ಮ ಮನಸ್ಸಿನಲ್ಲಿ ನಿಂತರೆ ಸಾಕು: ಕಿಣ್ವದ ಬೆಲೆ ಅದು ಮಾಡುವ ಕೆಲಸದಲ್ಲಿ ಎಷ್ಟಿದೆಯೋ, ಮುಟ್ಟದೆ ಬಿಡುವ ಕೆಲಸದಲ್ಲೂ ಅಷ್ಟೇ ಇದೆ.

ಮೊದಲು ಒಂದು ಪ್ರಯೋಗ

ಅನ್ನ ಬಸಿದ ತಿಳಿ ಗಂಜಿಯನ್ನು ಚೆನ್ನಾಗಿ ಆರಿಸಿ, ಇನ್ನಷ್ಟು ನೀರು ಬೆರೆಸಿ ಮೂರು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಮೊದಲನೆಯದಕ್ಕೆ ಏನೂ ಸೇರಿಸಬೇಡಿ. ಎರಡನೆಯದಕ್ಕೆ ಬಾಯಿಯ ಜೊಲ್ಲನ್ನು ಸೇರಿಸಿ. ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಜೊಲ್ಲನ್ನು ಸೇರಿಸಿ. ಮೂರನ್ನೂ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕಾಲು ಗಂಟೆ ಇಟ್ಟು, ಔಷಧದ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್ನಿನ ಒಂದೊಂದು ಹನಿ ಬಿಡಿ. ಮೊದಲನೆಯದೂ ಮೂರನೆಯದೂ ಕಡುನೀಲಿಯಾಗುತ್ತವೆ. ಎರಡನೆಯದು ಆಗುವುದಿಲ್ಲ.

ಏನಾಯಿತು? ಗಂಜಿಯಲ್ಲಿರುವ ಪಿಷ್ಟ ಎಂದರೆ ಸಾವಿರಾರು ಗ್ಲುಕೋಸ್ ಮಣಿಗಳನ್ನು ಪೋಣಿಸಿದ ಸರ. ಸರ ಉದ್ದವಾಗಿದ್ದರೆ ಅಯೋಡಿನ್ ನೀಲಿ ತೋರಿಸುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸರವನ್ನು ತುಂಡುತುಂಡು ಮಾಡಿತು. ಕುದಿಸಿದ ಜೊಲ್ಲಿನಲ್ಲಿ ಆ ಕಿಣ್ವ ಕೆಟ್ಟುಹೋಗಿತ್ತು, ಆದ್ದರಿಂದ ಸರ ಹಾಗೇ ಉಳಿಯಿತು.

ಇದೇ ಬಗೆಯ ಕಿಣ್ವವನ್ನು ಮೊಳಕೆ ಬಂದ ಬಾರ್ಲಿಯಿಂದ 1833ರಲ್ಲಿ ಫ್ರಾನ್ಸಿನ ಪೆಯಾನ್ ಮತ್ತು ಪೆರ್ಸೊ ಬೇರ್ಪಡಿಸಿ 'ಡಯಾಸ್ಟೇಸ್' ಎಂದು ಕರೆದರು. ಇಂದಿಗೂ ಬಹುಪಾಲು ಕಿಣ್ವಗಳ ಹೆಸರಿನ ಕೊನೆಗೆ ಬರುವ 'ಏಸ್' ಎಂಬ ಬಾಲ ಆ ಹೆಸರಿನಿಂದ ಬಂದದ್ದು. ಇವೆಲ್ಲ ಜೀವಕೋಶ ಬದುಕಿದ್ದರೆ ಮಾತ್ರ ನಡೆಯುವ ಕೆಲಸ ಎಂಬ ನಂಬಿಕೆ ಆ ಮೇಲೂ ಬಹುಕಾಲ ಇತ್ತು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ, ಒಂದೂ ಜೀವಕೋಶವಿಲ್ಲದ ರಸದಿಂದಲೇ ಸಕ್ಕರೆ ಹುದುಗುವುದನ್ನು ತೋರಿಸಿದ. ಅದಕ್ಕಾಗಿ ಅವನಿಗೆ 1907ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಿಕ್ಕಿತು. ಕಿಣ್ವವನ್ನು ಜೀವಿಯಿಂದ ಹೊರತೆಗೆದು ಸೀಸೆಯಲ್ಲಿ ತುಂಬಿ ಮಾರಬಹುದು ಎಂಬುದನ್ನು ವ್ಯಾಪಾರಿಗಳು ಅಷ್ಟರಲ್ಲೇ ಕಂಡುಕೊಂಡಿದ್ದರು: 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಚೀಸಿಗೆ ಬೇಕಾದ ರೆನೆಟ್ ಮಾರಾಟ ಆರಂಭಿಸಿದ, 1894ರಲ್ಲಿ ಜಪಾನಿನ ಜೋಕಿಚಿ ತಕಮಿನೆ ಬೂಷ್ಟಿನಿಂದ ತೆಗೆದ ಅಮೈಲೇಸಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ.

ನಮ್ಮ ಮೂರು ಲೋಟಗಳ ಪ್ರಯೋಗದಲ್ಲಿ ಉದ್ಯಮಕ್ಕೆ ಬೇಕಾದ ಮೂರು ಸೂತ್ರಗಳು ಅಡಗಿವೆ. ಒಂದು, ಕಿಣ್ವ ತನಗೆ ಹೊಂದುವ ಪದಾರ್ಥವನ್ನು ಮಾತ್ರ ಮುಟ್ಟುತ್ತದೆ. ಜೊಲ್ಲಿನ ಅಮೈಲೇಸ್ ಗಂಜಿಯನ್ನು ಕಡಿಯುತ್ತದೆ, ಹತ್ತಿಯನ್ನು ಕಡಿಯುವುದಿಲ್ಲ. ಹತ್ತಿಯ ಸೆಲ್ಯುಲೋಸ್ ಕೂಡ ಗ್ಲುಕೋಸಿನ ಸರವೇ. ಆದರೆ ಮಣಿಗಳನ್ನು ಕೂಡಿಸಿದ ಗಂಟು ಬೇರೆ. ಎರಡು, ಅದಕ್ಕೆ ತಕ್ಕ ಶಾಖ, ತಕ್ಕ ಪಿಎಚ್ ಬೇಕು. ಮೂರು, ಕೆಲಸ ಸಾಕೆನಿಸಿದಾಗ ನಾವೇ ಅದನ್ನು ನಿಲ್ಲಿಸಬೇಕು. ಸಾಮಾನ್ಯವಾಗಿ ಕಾಯಿಸಿ ನಿಲ್ಲಿಸುತ್ತಾರೆ. ಮುಂದೆ ಹೇಳುವುದೆಲ್ಲ ಈ ಮೂರರ ವಿಸ್ತಾರವೇ.

ಗಂಜಿ ತೆಳುವಾದರೆ ಏನು ಲಾಭ?

ನಮ್ಮ ಕಡೆ ಕೂಸುಗಳಿಗೆ ರಾಗಿ ಸರಿ ತಿನ್ನಿಸುತ್ತಾರಲ್ಲ, ಅದರಿಂದಲೇ ಶುರು ಮಾಡೋಣ. ಬರಿ ರಾಗಿ ಹಿಟ್ಟನ್ನು ಬೇಯಿಸಿದರೆ ಬೇಗ ಗಟ್ಟಿಯಾಗುತ್ತದೆ, ಕೂಸಿಗೆ ನುಂಗಲಾಗದು. ನೀರು ಹೆಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಆದರೆ ಒಳಗೆ ಹೋದದ್ದು ನೀರೇ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾದ ಉರಿಯಲ್ಲಿ ಹುರಿದು ಬೀಸಿದರೆ ಕಥೆ ಬೇರೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಗಂಜಿ ಬೇಯುತ್ತಿರುವಾಗಲೇ ಪಿಷ್ಟದ ಸರಗಳನ್ನು ಕಡಿಯುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ, ಒಂದೊಂದು ತುತ್ತಿನಲ್ಲೂ ಹೆಚ್ಚು ಆಹಾರ ಹೋಗುತ್ತದೆ. ಹುರಿಯುವಾಗ ಉರಿ ಜಾಸ್ತಿಯಾದರೆ ಕಿಣ್ವ ಸತ್ತು ಇಷ್ಟೂ ಶ್ರಮ ವ್ಯರ್ಥ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಮೊಳಕೆ ಧಾನ್ಯಗಳ ಶಿಶು ಆಹಾರದ ಬಗ್ಗೆ ಸಂಶೋಧನೆ ನಡೆಸಿದ್ದು ಈ ಕಾರಣಕ್ಕೇ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಗ್ಲುಕೋಸ್ ಕಾರ್ಖಾನೆ. ಹಿಂದೆ ಮೆಕ್ಕೆಜೋಳದ ಪಿಷ್ಟವನ್ನು ಆಮ್ಲ ಹಾಕಿ ಒತ್ತಡದಲ್ಲಿ ಬೇಯಿಸುತ್ತಿದ್ದರು. ಆಮ್ಲಕ್ಕೆ ಕಣ್ಣಿಲ್ಲ. ಅದು ಸರವನ್ನು ಸಿಕ್ಕಿದ ಕಡೆ ಮುರಿಯುತ್ತದೆ, ಬಿಡಿಯಾದ ಗ್ಲುಕೋಸನ್ನೂ ಕೆಡಿಸುತ್ತದೆ, ಕೆಲವು ಮಣಿಗಳನ್ನು ತಪ್ಪು ರೀತಿಯಲ್ಲಿ ಮತ್ತೆ ಅಂಟಿಸುತ್ತದೆ. ಅದರಿಂದ ಪಾಕಕ್ಕೆ ಬಣ್ಣ ಬರುತ್ತದೆ, ಕಹಿಯೂ ಬರುತ್ತದೆ. ಕೊನೆಗೆ ಆಮ್ಲವನ್ನು ಶಮನ ಮಾಡಿದಾಗ ಉಪ್ಪು ಬೇರೆ ಉಳಿಯುತ್ತದೆ. 1960ರ ದಶಕದಿಂದ ಈಚೆಗೆ ಕಿಣ್ವಗಳು ಈ ಜಾಗಕ್ಕೆ ಬಂದವು. ಪಿಷ್ಟದ ಹಾಲನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್ಸಿಗೆ ಕೆಲವು ನಿಮಿಷ ಕಾಯಿಸಿ, ಆಮೇಲೆ 95 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡುತ್ತಾರೆ. ಅಷ್ಟು ಬಿಸಿಯಲ್ಲೂ ಸಾಯದ ಬ್ಯಾಕ್ಟೀರಿಯದ ಅಮೈಲೇಸ್ ಸರವನ್ನು ನಡುನಡುವೆ ಕಡಿದು ಗಂಜಿಯನ್ನು ನೀರಾಗಿಸುತ್ತದೆ. ನಂತರ 60 ಡಿಗ್ರಿಗೆ ಇಳಿಸಿ, ಪಿಎಚ್ಚನ್ನು 4.5ರ ಹತ್ತಿರ ತಂದು, ಬೂಷ್ಟಿನಿಂದ ತೆಗೆದ ಗ್ಲುಕೋಅಮೈಲೇಸ್ ಹಾಕುತ್ತಾರೆ. ಇದು ಸರದ ತುದಿಯಿಂದ ಒಂದೊಂದೇ ಮಣಿ ಕಳಚುವ ಆಳು. ಅದಕ್ಕೆ ಒಂದೆರಡು ದಿನ ಬೇಕು. ಗ್ಲುಕೋಸ್ ಐಸೊಮರೇಸ್ ಎಂಬ ಮೂರನೆಯ ಕಿಣ್ವ ಗ್ಲುಕೋಸಿನ ಒಂದು ಪಾಲನ್ನು ಅದಕ್ಕಿಂತ ಸಿಹಿಯಾದ ಫ್ರಕ್ಟೋಸಾಗಿ ತಿರುಗಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ತಂಪು ಪಾನೀಯಗಳಲ್ಲಿ ಸಕ್ಕರೆಯ ಜಾಗ ಹಿಡಿದ ಮೆಕ್ಕೆಜೋಳದ ಪಾಕ ಇದೇ.

ಪಾವ್ ಮೆತ್ತಗಿರುವುದು ಏಕೆ?

ಮುಂಬಯಿಯಲ್ಲಿ ಓದುವ ನಮಗೆ ಪಾವ್ ಇಲ್ಲದೆ ದಿನವಿಲ್ಲ. ಹಿಟ್ಟು ಉಬ್ಬಬೇಕಾದರೆ ಯೀಸ್ಟಿಗೆ ಸಕ್ಕರೆ ಬೇಕು. ಅದನ್ನು ಪಿಷ್ಟದಿಂದ ಒದಗಿಸಿಕೊಡುವುದು ಅಮೈಲೇಸ್. ಒಣ ಹವೆಯಲ್ಲಿ ಕೊಯ್ದ ಗೋಧಿಯಲ್ಲಿ ಈ ಕಿಣ್ವ ಕಡಿಮೆ, ಆದ್ದರಿಂದ ಹಿಟ್ಟಿಗೆ ಮಾಲ್ಟಿನ ಪುಡಿಯನ್ನೋ ಬೂಷ್ಟಿನ ಅಮೈಲೇಸನ್ನೋ ಚಿಟಿಕೆಯಷ್ಟು ಸೇರಿಸುತ್ತಾರೆ. ಜಾಸ್ತಿ ಹಾಕಿದರೆ ಜಾಸ್ತಿ ಮೆತ್ತಗೆ ಅಂತ ತಿಳಿಯಬೇಡಿ. ಹೊಲದಲ್ಲೇ ಮಳೆಗೆ ಸಿಕ್ಕಿ ಮೊಳೆತ ಗೋಧಿಯ ಬ್ರೆಡ್ಡು ಅಂಟಂಟಾಗಿ ಚಾಕುವಿಗೆ ಹತ್ತಿಕೊಳ್ಳುವುದು ಅಮೈಲೇಸ್ ಅತಿಯಾದುದರಿಂದಲೇ. ಬೂಷ್ಟಿನ ಅಮೈಲೇಸನ್ನು ಬೇಕರಿಯವರು ಇಷ್ಟಪಡಲು ಒಂದು ಕಾರಣವಿದೆ: ಒಲೆಯ ಶಾಖ ಏರುವಾಗ ಅದು ಬೇಗ ಸಾಯುತ್ತದೆ. ಗ್ಲುಕೋಸ್ ಕಾರ್ಖಾನೆಯಲ್ಲಿ ಗುಣವೆನಿಸಿದ ಬ್ಯಾಕ್ಟೀರಿಯದ ಕಿಣ್ವದ ಗಟ್ಟಿತನ ಬೇಕರಿಯಲ್ಲಿ ದೋಷವಾಗುತ್ತದೆ. ಅದು ಬೇಯುವಾಗಲೂ ಬದುಕುಳಿದು ಒಳಗನ್ನು ಅಂಟಾಗಿಸುತ್ತದೆ.

ಇಲ್ಲಿ ನಮ್ಮ ಆರೋಗ್ಯದ ಪ್ರಶ್ನೆಯೂ ಇದೆ. ಹಿಟ್ಟಿನ ಜಿಗುಟಿಗೆ ಬಲ ಬರಲೆಂದು ಬಹುಕಾಲ ಪೊಟ್ಯಾಸಿಯಂ ಬ್ರೋಮೇಟ್ ಬಳಸುತ್ತಿದ್ದರು. ಕ್ಯಾನ್ಸರ್ ತರಬಲ್ಲದೆಂಬ ಶಂಕೆಯಿರುವ ಈ ಲವಣ 2016ರಲ್ಲಿ ದಿಲ್ಲಿಯ ಬ್ರೆಡ್ ಮಾದರಿಗಳಲ್ಲಿ ಕಂಡುಬಂದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಭಾರತ ಸರಕಾರ ಅದನ್ನು ಅನುಮತಿಯ ಪಟ್ಟಿಯಿಂದ ತೆಗೆಯಿತು. ಅದರ ಬದಲಿಗೆ ಉಪಯೋಗಿಸುವವುಗಳಲ್ಲಿ ವಿಟಮಿನ್ ಸಿ ಒಂದು, ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು. ಬ್ರೋಮೇಟ್ ಬ್ರೆಡ್ಡಿನಲ್ಲಿ ಉಳಿಯುವ ಅಪಾಯವಿದೆ. ಕಿಣ್ವವಾದರೋ ಪ್ರೋಟೀನು, ಒಲೆಯ ಬಿಸಿಗೆ ಕೆಲಸ ಕಳೆದುಕೊಳ್ಳುತ್ತದೆ.

ಚೀಸು ಸಸ್ಯಾಹಾರವೇ?

ಕ್ಯಾಂಟೀನಿನಲ್ಲಿ ಚೀಸ್ ಸ್ಯಾಂಡ್‌ವಿಚ್ ಬಂದಾಗಲೆಲ್ಲ ನಮ್ಮ ಸಂಘದವರಲ್ಲಿ ಒಂದು ವಾದ ಏಳುತ್ತದೆ. "ಇದಕ್ಕೆ ಕರುವಿನ ಹೊಟ್ಟೆಯದು ಏನೋ ಹಾಕ್ತಾರಂತೆ, ಹೌದೇನೋ? ಗೊತ್ತಾದ್ರೆ ನಮ್ಮಜ್ಜಿ ನನ್ನ ತಟ್ಟೆ ಬೇರೆ ಇಡ್ತಾಳೆ ನೋಡು," ಎಂದು ಗೆಳತಿಯೊಬ್ಬಳು ಕೇಳಿದಳು. ಇದು ನಕ್ಕು ಬಿಡುವ ಪ್ರಶ್ನೆಯಲ್ಲ, ಸರಿಯಾದ ಉತ್ತರ ಬೇಕಾದ ಪ್ರಶ್ನೆ.

ಹಾಲಿನ ಕೇಸಿನ್ ಎಂಬ ಪ್ರೋಟೀನು ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳ ಮೈಮೇಲೆ ಕಪ್ಪಾ ಕೇಸಿನ್ ಎಂಬ ಪ್ರೋಟೀನಿನ ತುದಿಗಳು ಕೂದಲಿನಂತೆ ಚಾಚಿಕೊಂಡಿವೆ. ಆ ಕೂದಲುಗಳ ದೆಸೆಯಿಂದ ಒಂದು ಉಂಡೆ ಇನ್ನೊಂದಕ್ಕೆ ಅಂಟುವುದಿಲ್ಲ, ಹಾಲು ಹಾಲಾಗಿಯೇ ಇರುತ್ತದೆ. ಎಳೆಗರುವಿನ ನಾಲ್ಕನೆಯ ಹೊಟ್ಟೆಯಲ್ಲಿರುವ ಕೈಮೊಸಿನ್ ಎಂಬ ಕಿಣ್ವ ಈ ಕೂದಲನ್ನು ಬೋಳಿಸುತ್ತದೆ. ಕಪ್ಪಾ ಕೇಸಿನ್ನಿನಲ್ಲಿ ಅಮೈನೋ ಆಮ್ಲಗಳ ಕೊಂಡಿಗಳು 169. ಅದರಲ್ಲಿ 105ನೆಯದಕ್ಕೂ 106ನೆಯದಕ್ಕೂ ನಡುವೆ ಒಂದೇ ಒಂದು ಕಡೆ ಕತ್ತರಿ ಬೀಳುತ್ತದೆ. ಅಷ್ಟಕ್ಕೇ ಹಾಲು ಗಟ್ಟಿಯಾಗುತ್ತದೆ. ನಿಂಬೆಹುಳಿ ಹಿಂಡಿ ಒಡೆಸಿದ ಪನೀರು ಬೇರೆ ದಾರಿಯದು. ಅಲ್ಲಿ ಕಿಣ್ವವಿಲ್ಲ, ಆಮ್ಲ ಮತ್ತು ಶಾಖದ ಕೆಲಸ. ಪನೀರು ಕಾಯಿಸಿದರೆ ಕರಗುವುದಿಲ್ಲ, ಚೀಸು ಕರಗುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ.

ಯುರೋಪಿನ ಹಳೆಯ ಪದ್ಧತಿಯಲ್ಲಿ ಕೈಮೊಸಿನ್ನಿಗಾಗಿ ಕೊಂದ ಕರುವಿನ ಹೊಟ್ಟೆಯೇ ಬೇಕಿತ್ತು. ಗೆಳತಿ ಕೇಳಿದ್ದು ಸುಳ್ಳಲ್ಲ. ಚೀಸಿನ ಬಳಕೆ ಏರಿ ಕರುಗಳು ಸಾಲದಾದಾಗ ಒಂದು ಬಗೆಯ ಬೂಷ್ಟಿನ ಕಿಣ್ವ ಬಳಕೆಗೆ ಬಂತು. ಅದು ಹಾಲನ್ನೇನೋ ಹೆಪ್ಪುಗಟ್ಟಿಸುತ್ತದೆ, ಆದರೆ ಕೈಮೊಸಿನ್ನಿನಷ್ಟು ಶಿಸ್ತಿನದಲ್ಲ. ಆಮೇಲೂ ಅಲ್ಲಿ ಇಲ್ಲಿ ಕಡಿಯುತ್ತ ಹೋಗಿ ತಿಂಗಳುಗಟ್ಟಲೆ ಹಣ್ಣಾಗಿಸುವ ಚೀಸಿಗೆ ಕಹಿ ತರಬಹುದು. ಮೂರನೆಯ ದಾರಿ 1990ರಲ್ಲಿ ತೆರೆಯಿತು. ಕರುವಿನ ಕೈಮೊಸಿನ್ನಿನ ಜೀನನ್ನು ಸೂಕ್ಷ್ಮಜೀವಿಗೆ ಸೇರಿಸಿ ತೊಟ್ಟಿಯಲ್ಲಿ ತಯಾರಿಸಿದ ಕಿಣ್ವಕ್ಕೆ ಆ ವರ್ಷ ಅಮೆರಿಕ ಅನುಮತಿ ಕೊಟ್ಟಿತು. ಇಲ್ಲಿ ಕರು ಸಾಯುವುದಿಲ್ಲ, ಆದರೆ ಕಿಣ್ವದ ವಿನ್ಯಾಸ ಕರುವಿನದೇ. ಭಾರತದ ಆಹಾರ ಮಾನದಂಡದಲ್ಲಿ ಚೀಸಿನ ವ್ಯಾಖ್ಯೆಯಲ್ಲೇ ಪ್ರಾಣಿಮೂಲವಲ್ಲದ ರೆನೆಟ್ ಎಂಬ ಮಾತಿದೆ. ಆದ್ದರಿಂದ ಹಸಿರು ಚುಕ್ಕೆ ಇರುವ ಪೊಟ್ಟಣ ನೋಡಿ ತಿಂದರೆ ಅಜ್ಜಿಗೆ ಧೈರ್ಯವಾಗಿ ಉತ್ತರ ಕೊಡಬಹುದು. ಜೀನು ಕರುವಿನದಾದರೆ ಒಪ್ಪಬಹುದೇ ಎಂಬುದು ರಸಾಯನಶಾಸ್ತ್ರ ಉತ್ತರಿಸುವ ಪ್ರಶ್ನೆಯಲ್ಲ. ಅದನ್ನು ಅವರವರೇ ತೀರ್ಮಾನಿಸಬೇಕು. ಆದರೆ ತೀರ್ಮಾನಿಸುವ ಮೊದಲು ವಿಷಯ ತಿಳಿದಿರಬೇಕು.

ಕಾಗದದ ಗಿರಣಿಯಲ್ಲಿ

ಭದ್ರಾವತಿ, ದಾಂಡೇಲಿಯ ಹೆಸರು ಕೇಳಿದವರಿಗೆ ಬಿದಿರು, ನೀಲಗಿರಿ ಮರಗಳಿಂದ ಕಾಗದವಾಗುತ್ತದೆಂಬುದು ಗೊತ್ತು. ಮರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ನಾರಿನ ಜೀವಾಳವಾದ ಸೆಲ್ಯುಲೋಸ್ ಹತ್ತಿರಹತ್ತಿರ ಅರ್ಧ. ನಾರುಗಳನ್ನು ಅಂಟಿಸುವ ಕಂದು ಬಣ್ಣದ ಲಿಗ್ನಿನ್ ಸುಮಾರು ಕಾಲು ಭಾಗ. ಉಳಿದುದರಲ್ಲಿ ಹೆಚ್ಚಿನದು ಜೈಲಾನಿನಂಥ ಚಿಕ್ಕ ಸಕ್ಕರೆಸರಗಳು. ಕಾಗದಕ್ಕೆ ಬೇಕಾದ್ದು ಸೆಲ್ಯುಲೋಸ್, ಹೋಗಬೇಕಾದ್ದು ಲಿಗ್ನಿನ್.

ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ಸುಮಾರು 160-170 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬಹುಪಾಲು ಲಿಗ್ನಿನ್ ಕರಗುತ್ತದೆ, ಕೊಂಚ ಉಳಿದು ತಿರುಳು ಕಂದಾಗಿರುತ್ತದೆ. ಅದನ್ನು ಬಿಳಿ ಮಾಡಲು ಹಿಂದಿನಿಂದ ಕ್ಲೋರಿನ್ ಬಳಕೆಯಲ್ಲಿತ್ತು. ಕ್ಲೋರಿನ್ ಲಿಗ್ನಿನ್ ಜೊತೆ ಸೇರಿ ಹುಟ್ಟುವ ಸಂಯುಕ್ತಗಳು ನೀರಿನಲ್ಲಿ ಸುಲಭವಾಗಿ ಕೊಳೆಯುವಂಥವಲ್ಲ. 1980ರ ದಶಕದಲ್ಲಿ ಗಿರಣಿಗಳ ಹೊರನೀರಿನಲ್ಲಿ ಡಯಾಕ್ಸಿನ್ ಎಂಬ ಘೋರ ವಿಷದ ಅಂಶ ಸಿಕ್ಕ ಮೇಲೆ ಜಗತ್ತು ಎಚ್ಚೆತ್ತಿತು. ಬಿಳಿ ಹಾಳೆಯ ಬೆಲೆಯನ್ನು ನದಿ ತೆರುತ್ತಿತ್ತು.

ಈ ಹೊತ್ತಿಗೆ, 1986ರಲ್ಲಿ, ಫಿನ್ಲೆಂಡಿನ ಲೀಸಾ ವೀಕಾರಿ ಮತ್ತು ಸಂಗಡಿಗರು ಒಂದು ಉಪಾಯ ತೋರಿಸಿದರು. ಬೇಯಿಸುವಾಗ ಕರಗಿದ ಜೈಲಾನ್ ಕೊನೆಗೆ ಮತ್ತೆ ನಾರಿನ ಮೇಲೆ ಪದರವಾಗಿ ಕೂರುತ್ತದೆ, ಲಿಗ್ನಿನ್ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಿಳಿ ಮಾಡುವ ಮೊದಲು ತಿರುಳಿಗೆ ಜೈಲನೇಸ್ ಕೊಟ್ಟರೆ ಆ ಪದರ ಸಡಿಲವಾಗಿ ಲಿಗ್ನಿನ್ ಹೊರಬರಲು ದಾರಿಯಾಗುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಇದು: ಜೈಲನೇಸ್ ಲಿಗ್ನಿನ್ನನ್ನು ಮುಟ್ಟುವುದೇ ಇಲ್ಲ, ತಾನು ಬಿಳುಪೂ ಮಾಡುವುದಿಲ್ಲ. ಬಾಗಿಲು ತೆರೆಯುತ್ತದೆ, ಅಷ್ಟೆ. ಆದರೂ ಅದರಿಂದ ಕ್ಲೋರಿನ್ ರಾಸಾಯನಿಕಗಳ ಬಳಕೆ ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಕ್ಲೋರಿನ್ ಅನಿಲದ ಬದಲು ಕ್ಲೋರಿನ್ ಡಯಾಕ್ಸೈಡ್, ಆಮ್ಲಜನಕ, ಪೆರಾಕ್ಸೈಡ್ ಬಳಸುವ ಗಿರಣಿಗಳಿಗೂ ಇದು ನೆರವಾಗುತ್ತದೆ.

ತೊಡಕು ಎರಡು. ಮೊದಲನೆಯದು, ಬೂಷ್ಟಿನಿಂದ ತೆಗೆದ ಜೈಲನೇಸಿನ ಜೊತೆ ಅನೇಕ ಸಲ ಸೆಲ್ಯುಲೇಸ್ ಕೂಡ ಬಂದುಬಿಡುತ್ತದೆ. ಸೆಲ್ಯುಲೇಸ್ ಕಡಿಯುವುದು ನಮಗೆ ಬೇಕಾದ ನಾರನ್ನೇ. ಸ್ವಲ್ಪ ಬೆರೆತರೂ ಹಾಳೆಯ ಬಲ ಕುಗ್ಗುತ್ತದೆ. ಇಲ್ಲಿ ಕಿಣ್ವದ ಯೋಗ್ಯತೆಯನ್ನು ಅಳೆಯುವುದು ಅದು ಏನನ್ನು ಕಡಿಯುವುದಿಲ್ಲ ಎಂಬುದರಿಂದ. ಎರಡನೆಯದು, ಗಿರಣಿಯ ತಿರುಳು ಬಿಸಿಯಾಗಿಯೂ ಕ್ಷಾರವಾಗಿಯೂ ಇರುತ್ತದೆ. ಮೊದಮೊದಲ ಜೈಲನೇಸುಗಳಿಗೆ ಅದು ಹಿಡಿಸುತ್ತಿರಲಿಲ್ಲ, ಆಮ್ಲ ಹಾಕಿ ಪಿಎಚ್ ಇಳಿಸಬೇಕಿತ್ತು. ಬಿಸಿಯನ್ನೂ ಕ್ಷಾರವನ್ನೂ ತಾಳುವ ಬ್ಯಾಕ್ಟೀರಿಯಗಳ ಕಿಣ್ವ ಹುಡುಕಿದ್ದು ಇದಕ್ಕಾಗಿ.

ಕಾಗದದಲ್ಲಿ ಇನ್ನೂ ಎರಡು ಕೆಲಸ ಹೇಳಿ ಮುಗಿಸುತ್ತೇನೆ. ಪೈನ್ ಮರದಲ್ಲಿ ಜಿಡ್ಡು ಹೆಚ್ಚು. ಅದು ಯಂತ್ರಗಳಿಗೆ ಮೆತ್ತಿ, ಹಾಳೆಯಲ್ಲಿ ಚುಕ್ಕೆ, ತೂತು ಬೀಳಿಸುತ್ತದೆ. ಹಿಂದೆ ದಿಮ್ಮಿಗಳನ್ನು ತಿಂಗಳುಗಟ್ಟಲೆ ಬಯಲಲ್ಲಿ ಕೆಡವಿ ಜಿಡ್ಡು ಇಳಿಯಲೆಂದು ಕಾಯುತ್ತಿದ್ದರು. ಜಪಾನಿನ ಗಿರಣಿಗಳು 1990ರ ದಶಕದ ಆರಂಭದಿಂದ ಎಣ್ಣೆಯನ್ನು ಒಡೆಯುವ ಲೈಪೇಸ್ ಬಳಸಿ ಆ ಕಾಯುವಿಕೆಯನ್ನು ಕಡಿಮೆ ಮಾಡಿದವು.

ಇನ್ನೊಂದು ನಮ್ಮ ಹಳೆಯ ಗಂಜಿಯೇ. ಲೇಖನಿಯ ಮೊನೆಗೆ ನಾರು ಸಿಕ್ಕದಂತೆ, ಅಚ್ಚಾಗುವಾಗ ಧೂಳು ಏಳದಂತೆ ಕಾಗದದ ಮೈಗೆ ಪಿಷ್ಟದ ಗಂಜಿ ಬಳಿಯುತ್ತಾರೆ. ಬೇಯಿಸಿದ ಗಂಜಿ ತೀರ ಮಂದವಾದ್ದರಿಂದ ಅಮೈಲೇಸ್ ಹಾಕಿ ತೆಳು ಮಾಡುತ್ತಾರೆ, ಹದ ಬಂದ ಕೂಡಲೇ ಇನ್ನಷ್ಟು ಕಾಯಿಸಿ ಕಿಣ್ವವನ್ನು ಕೊಲ್ಲುತ್ತಾರೆ. ಕೊಲ್ಲದಿದ್ದರೆ ಗಂಜಿ ನೀರಾಗಿ ಹಿಡಿತವೇ ಇರುವುದಿಲ್ಲ. ಕೂಸಿನ ರಾಗಿ ಸರಿಯಲ್ಲಿ ನಡೆದದ್ದೂ ಗಿರಣಿಯ ತೊಟ್ಟಿಯಲ್ಲಿ ನಡೆಯುವುದೂ ಒಂದೇ ಕ್ರಿಯೆ.

ಎಚ್ಚರದ ಮಾತು

ಕಿಣ್ವ ಪ್ರಕೃತಿಯದು, ಆದ್ದರಿಂದ ನಿರಪಾಯ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಬಟ್ಟೆ ತೊಳೆಯುವ ಪುಡಿಗೆ ಪ್ರೋಟೀನು ಕಡಿಯುವ ಕಿಣ್ವ ಸೇರಿಸುತ್ತಿದ್ದ ಬ್ರಿಟನ್ನಿನ ಕಾರ್ಖಾನೆಗಳಲ್ಲಿ, ಅದರ ಧೂಳು ಉಸಿರಾಡಿದ ಕೆಲಸಗಾರರಿಗೆ ಆಸ್ತಮಾ ಬಂದದ್ದು 1969ರಲ್ಲಿ ವೈದ್ಯರ ಗಮನಕ್ಕೆ ಬಂತು. ಆಮೇಲೆ ಕಿಣ್ವವನ್ನು ಪುಡಿಯಾಗಿ ಕೊಡದೆ, ಮೇಣದಂಥ ವಸ್ತು ಹೊದಿಸಿದ ಕಾಳುಗಳಾಗಿಯೋ ದ್ರವವಾಗಿಯೋ ಕೊಡುವ ಪದ್ಧತಿ ಬಂತು. ಬೇಕರಿಗಳಲ್ಲಿ ಅಮೈಲೇಸಿನ ಧೂಳೂ ಇದೇ ತೊಂದರೆ ಕೊಡಬಲ್ಲದು. ಬ್ರೆಡ್ಡು ತಿನ್ನುವವನಿಗೆ ಬೆಂದು ಸತ್ತ ಕಿಣ್ವ, ಹಿಟ್ಟು ಕಲಸುವವನಿಗೆ ಬದುಕಿರುವ ಕಿಣ್ವದ ಧೂಳು: ಇಬ್ಬರ ಪಾಲೂ ಒಂದೇ ಅಲ್ಲ. ಉದ್ಯಮದ ಲಾಭ ನಷ್ಟ ಬರೆಯುವಾಗ ಈ ಎರಡನೆಯವನನ್ನು ಮರೆಯಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಆಮ್ಲ, ಕ್ಷಾರ, ಕ್ಲೋರಿನ್ ಇವು ಬಲದಿಂದ ಕೆಲಸ ಮಾಡುತ್ತವೆ. ಬೇಕಾದ್ದರ ಜೊತೆ ಬೇಡವಾದ್ದನ್ನೂ ಮಾಡುತ್ತವೆ. ಕಿಣ್ವ ಒಂದೇ ಗಂಟನ್ನು ಗುರುತಿಸಿ ಬಿಚ್ಚುತ್ತದೆ. ಆದರೆ ಯಾವ ಗಂಟು, ಎಷ್ಟು ಹೊತ್ತು, ಎಲ್ಲಿ ಸಾಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಆರಿಸಿ, ಅಳೆದು, ಸಮಯಕ್ಕೆ ನಿಲ್ಲಿಸುವುದು ಮನುಷ್ಯರ ಕೆಲಸ.

ಅಭ್ಯಾಸಕ್ಕೆ

1. ಹಸಿ ಅನಾನಸಿನ ಹೋಳುಗಳನ್ನು ಮೊಸರಿನಲ್ಲಿ ಬೆರೆಸಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ, ಬೇಯಿಸಿದ ಹೋಳುಗಳಿಂದ ಆಗುವುದಿಲ್ಲ. ಏಕೆ?

2. ಒಂದು ಗಿರಣಿಯವರು ಹೊಸ ಜೈಲನೇಸ್ ಕೊಳ್ಳುವ ಮೊದಲು ಅದನ್ನು ಶುದ್ಧ ಸೆಲ್ಯುಲೋಸಿನ ಮೇಲೆ ಪರೀಕ್ಷಿಸಿ, ಏನೂ ಆಗದಿದ್ದಾಗ ಸಂತೋಷಪಟ್ಟರು. ಅವರ ಸಂತೋಷಕ್ಕೆ ಕಾರಣವೇನು?

3. ಬ್ಯಾಕ್ಟೀರಿಯದ ಅಮೈಲೇಸ್ ಗ್ಲುಕೋಸ್ ಕಾರ್ಖಾನೆಗೆ ಹೊಂದುತ್ತದೆ, ಬೇಕರಿಗೆ ಹೊಂದುವುದಿಲ್ಲ. ಎರಡು ವಾಕ್ಯಗಳಲ್ಲಿ, ಕನ್ನಡದಲ್ಲೇ, ವಿವರಿಸಿ.